ಕೋವಿಡ್ ಪರಿಹಾರ: ಗುತ್ತಿಗೆ ಹಂದಿ ಸಾಕಣೆದಾರರನ್ನು ಹೊರಗಿಟ್ಟದ್ದು ಏಕೆ?

ಪ್ರಶ್ನೆ

ಅಮೆರಿಕದ ಮಿನ್ನೆಸೋಟ ರಾಜ್ಯದ ನೈರುತ್ಯ ಮೂಲೆಯಲ್ಲಿರುವ ನೋಬಲ್ಸ್ ಕೌಂಟಿಯ ಕೃಷಿಯನ್ನು ಅಧ್ಯಯನ ಮಾಡುತ್ತಿದ್ದೇನೆ. 2020ರ ಏಪ್ರಿಲ್ 20ರಂದು ಅಲ್ಲಿನ ವರ್ದಿಂಗ್ಟನ್ ಪಟ್ಟಣದ ಹಂದಿಮಾಂಸ ಘಟಕವು ಕೋವಿಡ್‌ನಿಂದಾಗಿ ಬಾಗಿಲು ಹಾಕಿದಾಗ, ಸುತ್ತಲಿನ ಕೊಟ್ಟಿಗೆಗಳಲ್ಲಿ ಮಾರಾಟಕ್ಕೆ ಸಿದ್ಧವಾಗಿದ್ದ ಹಂದಿಗಳನ್ನು ಕೊಳ್ಳುವವರೇ ಇಲ್ಲವಾದರು. ಅದಕ್ಕೆ ಮೂರು ದಿನ ಮೊದಲಷ್ಟೇ ಕೇಂದ್ರ ಕೃಷಿ ಇಲಾಖೆಯು ರೈತರಿಗೆ 1,600 ಕೋಟಿ ಡಾಲರ್ ನೇರ ಪಾವತಿಯನ್ನು ಪ್ರಕಟಿಸಿತ್ತು. ಆದರೆ ಸಾಲ ಮಾಡಿ ಕೊಟ್ಟಿಗೆ ಕಟ್ಟಿಸಿ, ಕಂಪನಿ ಕೊಡುವ ಮರಿಗಳನ್ನು ಹಗಲಿರುಳು ನೋಡಿಕೊಳ್ಳುವ ಗುತ್ತಿಗೆ ಸಾಕಣೆದಾರರಿಗೆ ಆ ಹಣ ಸಲ್ಲಲಿಲ್ಲ. ಇದಕ್ಕೆ ಕಾರಣವೇನು? ಮುಂದೆ ಅವರಿಗೆ ಏನಾದರೂ ದೊರೆಯಿತೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಆ ಯೋಜನೆಯು ಪರಿಹಾರವನ್ನು ಲೆಕ್ಕ ಹಾಕಿದ್ದು ಬೆಲೆ ಕುಸಿತದ ಮೇಲೆ, ದುಡಿಮೆಯ ನಷ್ಟದ ಮೇಲೆ ಅಲ್ಲ. ಬೆಲೆ ಇಳಿದಾಗ ನಷ್ಟ ಹೊರುವವನು ಹಂದಿಯ ಒಡೆಯ. ಗುತ್ತಿಗೆ ಸಾಕಣೆದಾರನಿಗೆ ಹಂದಿಯ ಒಡೆತನವಿಲ್ಲ, ಆದ್ದರಿಂದ ಅರ್ಜಿ ಹಾಕುವ ಹಕ್ಕೂ ಇರಲಿಲ್ಲ. ಕೊಟ್ಟಿಗೆ ತಿಂಗಳುಗಟ್ಟಲೆ ಖಾಲಿ ಬಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ ಎಂಬುದನ್ನು ಈ ಲೆಕ್ಕ ಗಮನಕ್ಕೇ ತೆಗೆದುಕೊಳ್ಳಲಿಲ್ಲ. ಇದು ದೊಡ್ಡ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಒಡೆಯರಿಗೆ ಸಿಕ್ಕ ದರಗಳಲ್ಲೂ ಒಂದು ವಿಚಿತ್ರವಿದೆ. ಜನವರಿ 15ರಿಂದ ಏಪ್ರಿಲ್ 15ರೊಳಗೆ ಮಾರಿದ ಹಂದಿಗಳಲ್ಲಿ 120 ಪೌಂಡ್‌ಗಿಂತ ಕಡಿಮೆ ತೂಕದವಕ್ಕೆ ತಲಾ 28 ಡಾಲರ್, ಅದಕ್ಕಿಂತ ದೊಡ್ಡವಕ್ಕೆ 18 ಡಾಲರ್ ಕೊಟ್ಟರು. ಏಪ್ರಿಲ್ 16ರಿಂದ ಮೇ 14ರ ನಡುವೆ ಕೊಟ್ಟಿಗೆಯಲ್ಲೇ ಉಳಿದಿದ್ದವಕ್ಕೆ ಕೊಟ್ಟದ್ದು 17 ಡಾಲರ್. ನೀವು ಹೇಳಿದ ಘಟಕ ಮುಚ್ಚಿದ್ದು ಈ ಎರಡನೆಯ ಅವಧಿಯಲ್ಲಿ ಎಂಬುದನ್ನು ಗಮನಿಸಿ. ಸೆಪ್ಟೆಂಬರ್‌ನಲ್ಲಿ ಆರಂಭವಾದ ಎರಡನೆಯ ಕಂತಿನಲ್ಲಿ ಹಂದಿಗೆ 23 ಡಾಲರ್ ನಿಗದಿಯಾಯಿತು. ಒಬ್ಬ ವ್ಯಕ್ತಿಗೆ ಪ್ರತಿ ಕಂತಿನಲ್ಲೂ 2,50,000 ಡಾಲರ್‌ಗಳ ಮಿತಿಯಿತ್ತು. ಆದರೆ ಮೂವರು ಪಾಲುದಾರರು ತಲಾ 400 ಗಂಟೆ ದುಡಿಮೆ ಅಥವಾ ಆಡಳಿತದಲ್ಲಿ ತೊಡಗಿದ್ದರೆ ಒಂದು ಸಂಸ್ಥೆಯು 7,50,000 ಡಾಲರ್‌ವರೆಗೆ ಪಡೆಯಬಹುದಿತ್ತು.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದಕ್ಕೆ ಮುಂದಿನ ಕಥೆಯನ್ನು ಸೇರಿಸುತ್ತೇನೆ. 2020ರ ಡಿಸೆಂಬರ್ 27ರಂದು ಸಹಿಯಾದ ಕಾನೂನು ಗುತ್ತಿಗೆ ಸಾಕಣೆದಾರರಿಗೂ ಪರಿಹಾರ ಕೊಡಲು ಅವಕಾಶ ಮಾಡಿತು. ಆದರೂ ಅವರು ಅರ್ಜಿ ಸಲ್ಲಿಸಲು ಸಾಧ್ಯವಾದದ್ದು 2021ರಲ್ಲಿ, ಅದರ ಕೊನೆಯ ದಿನ ಅಕ್ಟೋಬರ್ 12. ಹಿಂದಿನ ವರ್ಷದ ಆದಾಯಕ್ಕೆ ಹೋಲಿಸಿದರೆ 2020ರಲ್ಲಿ ಕಡಿಮೆಯಾದ ಮೊತ್ತದ ಶೇಕಡಾ 80ರವರೆಗೆ ಕೊಡುವ ಏರ್ಪಾಡು ಅದು. ಲೆಕ್ಕ ನ್ಯಾಯವಾಗಿಯೇ ಇತ್ತು, ಆದರೆ ಘಟಕ ಮುಚ್ಚಿ ಒಂದೂವರೆ ವರ್ಷ ಕಳೆದಿತ್ತು.

ಕೋವಿಡ್ ಕಾಲದಲ್ಲಿ ಸಣ್ಣ ಉದ್ಯಮಗಳಿಗಾಗಿ ಸರ್ಕಾರ ತಂದ ಸಂಬಳ ಸಂರಕ್ಷಣೆಯ ಸಾಲ ಯೋಜನೆಯೂ ಮೊದಲಿಗೆ ಇವರಲ್ಲಿ ಅನೇಕರ ಕೈಗೆಟುಕಲಿಲ್ಲ. ಏಕೆಂದರೆ ಸ್ವಂತ ಉದ್ಯೋಗಸ್ಥ ರೈತನ ಸಾಲವನ್ನು ತೆರಿಗೆ ಪತ್ರದಲ್ಲಿನ ನಿವ್ವಳ ಲಾಭದ ಮೇಲೆ ನಿರ್ಧರಿಸುತ್ತಿದ್ದರು, ಕೊಟ್ಟಿಗೆಯ ಸವಕಳಿ ಕಳೆದ ಮೇಲೆ ಲಾಭವೇ ಉಳಿಯದವರು ಬಹಳ ಮಂದಿ. ಅದೇ ಡಿಸೆಂಬರ್ ಕಾನೂನು ಒಟ್ಟು ಆದಾಯವನ್ನು ಆಧಾರವಾಗಿಸಿದ್ದರಿಂದ, ನೌಕರರಿಲ್ಲದ ರೈತನೂ 20,833 ಡಾಲರ್‌ವರೆಗೆ ಪಡೆಯುವಂತಾಯಿತು.

ಪ್ರಶ್ನೆ ಕೇಳಿದವರ ಮರುನುಡಿ

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಈ ಪರಿಹಾರದ ಕೌಂಟಿವಾರು ಪಾವತಿ ಪಟ್ಟಿಯನ್ನು ನಂಬಿ ಮುಂದುವರಿಯಬಹುದೇ?

ಮೊದಲ ಉತ್ತರ ಬರೆದವರು

ಎಚ್ಚರದಿಂದ ಬಳಸಿ. ಪಟ್ಟಿಯಲ್ಲಿರುವ ಊರು ಹಣ ಪಡೆದವರ ಅಂಚೆ ವಿಳಾಸ, ಹಂದಿಗಳು ಬೆಳೆದ ಜಾಗವಲ್ಲ. ಒಡೆಯರು ಬೇರೆ ಕೌಂಟಿಯಲ್ಲಿದ್ದರೆ ನೋಬಲ್ಸ್‌ನ ಹಂದಿಗಳ ಪರಿಹಾರ ಅಲ್ಲಿನ ಲೆಕ್ಕಕ್ಕೆ ಸೇರಿರುತ್ತದೆ.