ಅಪ್ಪ-ಅಮ್ಮನ ಜರ್ಮನಿ ಪ್ರಯಾಣಕ್ಕೆ ಇನ್ಶೂರೆನ್ಸ್: ಕ್ಲೈಮ್ ಮಾಡಿದವರು ಇದ್ದೀರಾ?

ಉಡುಪಿ ಕುಂಜಿಬೆಟ್ಟಿನಿಂದ ಪ್ರಶ್ನೆ:

ಮೇ ತಿಂಗಳಲ್ಲಿ ಅಪ್ಪ-ಅಮ್ಮ ಜರ್ಮನಿಗೆ, ನನ್ನ ತಮ್ಮನ ಮನೆಗೆ ಹೊರಟಿದ್ದಾರೆ. ಎರಡು ತಿಂಗಳು ಇರ್ತಾರೆ. ಇಬ್ಬರಿಗೂ ಅರವತ್ತು ದಾಟಿದೆ. ಅಮ್ಮನಿಗೆ ಶುಗರ್, ಬಿಪಿ ಎರಡೂ ಉಂಟು. ಏಜೆಂಟ್ "ವೀಸಾಕ್ಕೆ ಇದು ಸಾಕು" ಅಂತ ಇದ್ದದ್ದರಲ್ಲಿ ಅಗ್ಗದ ಪಾಲಿಸಿ ತೋರಿಸಿದರು. ನಾಳೆ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ನಿಜವಾಗಿಯೂ ದುಡ್ಡು ಬರುತ್ತದಾ? ಕ್ಲೈಮ್ ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕದ್ರಿಯಿಂದ:

ಏಜೆಂಟ್ ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ. ಷೆಂಗೆನ್ ವೀಸಾಕ್ಕೆ (ಜರ್ಮನಿ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಕನಿಷ್ಠ 30,000 ಯೂರೊ ಕವರ್ ಬೇಕು. ಉಳಿಯುವ ಅಷ್ಟೂ ದಿನಕ್ಕೆ ಇರಬೇಕು, ಊರಿಗೆ ವಾಪಸ್ ಕಳಿಸುವ ಖರ್ಚೂ ಸೇರಿರಬೇಕು. ವೀಸಾ ಕೊಡುವವರು ಅಷ್ಟು ನೋಡ್ತಾರೆ. ಅಮ್ಮನ ಶುಗರ್ ಗತಿ ಏನು ಅಂತ ನೋಡಬೇಕಾದವರು ನೀವು. ಒಂದು ಪುಟದ ಸರ್ಟಿಫಿಕೇಟ್ ಇಟ್ಟುಕೊಂಡು ಸುಮ್ಮನಾಗಬೇಡಿ. 'ಪಾಲಿಸಿ ವರ್ಡಿಂಗ್ಸ್' ಅಂತ ದಪ್ಪದ ಪಿಡಿಎಫ್ ಇರುತ್ತದೆ, ಅದನ್ನು ಕೇಳಿ ತರಿಸಿಕೊಳ್ಳಿ. ಅದರಲ್ಲಿ ಮೊದಲೇ ಇದ್ದ ಕಾಯಿಲೆಯ ಭಾಗ ಹುಡುಕಿ. ಕೆಲವು ಪ್ಲಾನ್‌ಗಳಲ್ಲಿ ಅದಕ್ಕೆ ಏನೂ ಇಲ್ಲ. ಕೆಲವದರಲ್ಲಿ ಜೀವಕ್ಕೆ ಅಪಾಯ ಇದ್ದಾಗ ಮಾತ್ರ, ಅದೂ ಒಂದು ಮಿತಿಯವರೆಗೆ. ಆಮೇಲೆ ವಯಸ್ಸಿನ ವಿಷಯ. ಅರವತ್ತು ದಾಟಿದವರಿಗೆ ರೂಮ್ ಬಾಡಿಗೆಗೆ ಇಷ್ಟು, ಸರ್ಜರಿಗೆ ಇಷ್ಟು ಅಂತ ಬೇರೆ ಬೇರೆ ಮಿತಿ ಹಾಕಿದ ಪ್ಲಾನ್‌ಗಳು ಬಹಳ ಇವೆ. ಮೇಲೆ 50,000 ಡಾಲರ್ ಅಂತ ಬರೆದಿದ್ದರೂ ಒಳಗೆ ಅಷ್ಟು ಸಿಗುವುದಿಲ್ಲ. ಸ್ವಲ್ಪ ಜಾಸ್ತಿ ಪ್ರೀಮಿಯಂ ಆದರೂ ಇಂಥ ಮಿತಿ ಇಲ್ಲದ್ದನ್ನೇ ತಗೊಳ್ಳಿ.

ಮಣಿಪಾಲದಿಂದ:

ನಮ್ಮ ಮಾವನಿಗೆ ಮ್ಯೂನಿಕ್‌ನಲ್ಲಿ ಎದೆನೋವು ಬಂದು ಅಡ್ಮಿಟ್ ಆಗಿದ್ದರು. ಕ್ಲೈಮ್ ಬಂತು. ಆದರೆ ಸುಲಭವಾಗಿ ಬರಲಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಡ್ಮಿಟ್ ಮಾಡಿದ ಕೂಡಲೇ ಪಾಲಿಸಿಯಲ್ಲಿದ್ದ ಅಸಿಸ್ಟೆನ್ಸ್ ನಂಬರಿಗೆ (ಇನ್ಶೂರೆನ್ಸ್ ಕಂಪನಿಯ ಸಹಾಯವಾಣಿ) ಫೋನ್ ಮಾಡಿದೆವು. ಇದನ್ನು ಮಾತ್ರ ತಡ ಮಾಡಬೇಡಿ. 24 ಗಂಟೆಯೊಳಗೆ ತಿಳಿಸಬೇಕು ಅನ್ನುವ ಪಾಲಿಸಿಗಳು ಬಹಳ. ಅವರು ಒಂದು ಕ್ಲೈಮ್ ನಂಬರ್ ಕೊಟ್ಟು, ಆಸ್ಪತ್ರೆಯ ಜೊತೆ ತಾವೇ ಮಾತಾಡಿದರು. ಒಳರೋಗಿಯಾಗಿ ಇದ್ದಷ್ಟು ದಿನದ ಬಿಲ್ ಕ್ಯಾಶ್‌ಲೆಸ್ ಆಯಿತು, ಅಂದರೆ ಆಸ್ಪತ್ರೆಗೆ ಕಂಪನಿಯೇ ನೇರ ಕಟ್ಟಿತು. ಡಿಸ್ಚಾರ್ಜ್ ಆದ ಮೇಲಿನ ಡಾಕ್ಟರ್ ಫೀಸು, ಔಷಧಿ ನಾವೇ ಕಟ್ಟಿ ಊರಿಗೆ ಬಂದ ಮೇಲೆ ವಾಪಸ್ ಪಡೆದೆವು. ಅದರಲ್ಲೂ 100 ಡಾಲರ್ ಡಿಡಕ್ಟಿಬಲ್ ಅಂತ ಕಡಿತ ಆಯಿತು. ಆ ಮೊದಲ ಪಾಲು ನಮ್ಮದೇ.

ಈಗ ಮುಖ್ಯ ವಿಷಯ. ಜರ್ಮನ್ ಆಸ್ಪತ್ರೆ ಡಿಸ್ಚಾರ್ಜ್ ಆಗುವಾಗ 'ಆರ್ಟ್ಸ್‌ಬ್ರೀಫ್' ಅಂತ ಒಂದು ಪತ್ರ ಕೊಡುತ್ತದೆ. ಕ್ಲೈಮ್ ನೋಡುವವರು ಬಿಲ್‌ಗಿಂತ ಮೊದಲು ಓದುವುದು ಅದನ್ನು. ಮಾವನ ಪತ್ರದಲ್ಲಿ "ಬಹಳ ವರ್ಷದಿಂದ ರಕ್ತದೊತ್ತಡ ಇದೆ" ಅಂತ ಒಂದೇ ಸಾಲು ಇತ್ತು. ಡ್ಯೂಟಿ ಡಾಕ್ಟರ್ ಕೇಳಿದ್ದರು, ಮಾವ ಹೇಳಿದ್ದರು, ಅವರು ಬರೆದುಕೊಂಡಿದ್ದರು, ಅಷ್ಟೇ. ಅದರ ಮೇಲೆ ಕಂಪನಿಯಿಂದ ಮೇಲ್ ಬಂತು: ಬಿಪಿ ಯಾವಾಗಿನಿಂದ, ಹಳೆ ಚೀಟಿ ಕಳಿಸಿ, ಯಾವ ಮಾತ್ರೆ, ಯಾರು ಬರೆದುಕೊಟ್ಟದ್ದು. ಪ್ರಪೋಸಲ್ ಫಾರ್ಮ್‌ನಲ್ಲಿ (ಪಾಲಿಸಿ ತಗೊಳ್ಳುವಾಗ ತುಂಬುವ ಅರ್ಜಿ) ಬಿಪಿ ಇದೆ ಅಂತ ಮೊದಲೇ ತಿಳಿಸಿದ್ದೆವು, ಬಿಪಿಗೂ ಕವರ್ ಇರುವ ಪ್ಲಾನ್ ತಗೊಂಡಿದ್ದೆವು. ಹಾಗಾಗಿ ಬಚಾವ್. ಪಕ್ಕದ ಮನೆಯವರದ್ದು ಇಂಥದ್ದೇ ಕೇಸ್, ಫಾರ್ಮ್‌ನಲ್ಲಿ 'ಇಲ್ಲ' ಅಂತಿತ್ತು. ಒಂದು ಪೈಸೆ ಬರಲಿಲ್ಲ.

ಕಾಗದಗಳು: ಡಿಸ್ಚಾರ್ಜ್ ಪತ್ರ, ಬಿಲ್, ಹಣ ಕಟ್ಟಿದ ರಸೀದಿ (ಬಿಲ್ ಬೇರೆ, ರಸೀದಿ ಬೇರೆ, ಎರಡೂ ಬೇಕು), ಔಷಧಿ ಚೀಟಿ, ಪಾಸ್‌ಪೋರ್ಟಿನ ಭಾರತದ ಸ್ಟ್ಯಾಂಪ್ ಇರುವ ಪುಟ, ಬೋರ್ಡಿಂಗ್ ಪಾಸ್. ಷೆಂಗೆನ್ ಗಡಿಯಲ್ಲಿ 2025ರ ಅಕ್ಟೋಬರ್‌ನಿಂದ ಹಂತಹಂತವಾಗಿ ಸ್ಟ್ಯಾಂಪ್ ಬದಲು ಬೆರಳಚ್ಚು, ಫೋಟೊ ತೆಗೆಯುವ ಪದ್ಧತಿ ಬಂದಿದೆ. ಅಲ್ಲಿಗೆ ಹೋದದ್ದಕ್ಕೆ ಸಾಕ್ಷಿ ಕೇಳಿದರೆ ತೋರಿಸಲು ಬೋರ್ಡಿಂಗ್ ಪಾಸೇ ಗತಿ, ಬಿಸಾಡಬೇಡಿ. ಜರ್ಮನ್ ಕಾಗದಕ್ಕೆ ಇಂಗ್ಲಿಷ್ ಅನುವಾದ ಕೇಳಬಹುದು. ನಿಮ್ಮ ತಮ್ಮ ಅಲ್ಲೇ ಇದ್ದಾರಲ್ಲ, ಆಸ್ಪತ್ರೆಯಲ್ಲೇ ವಿಚಾರಿಸಲಿ. ಇಲ್ಲಿಗೆ ಬಂದ ಮೇಲೆ ಅಲ್ಲಿಂದ ಒಂದು ಚೀಟಿ ತರಿಸುವುದು ಅಂದರೆ ಸಾಕುಬೇಕಾಗ್ತದೆ ಮಾರಾಯ್ರೆ.

ಬಜ್ಪೆಯಿಂದ:

ಆಸ್ಪತ್ರೆ ವಿಷಯ ಆಯ್ತು, ಪೆಟ್ಟಿಗೆ ವಿಷಯ ಹೇಳ್ತೇನೆ. ಮುಂಬೈಯಲ್ಲಿ ವಿಮಾನ ಬದಲಿಸುವವರ ಬ್ಯಾಗ್ ಹಿಂದೆ ಉಳಿಯುವುದು ಹೊಸದೇನಲ್ಲ. ಬೆಲ್ಟ್ ಖಾಲಿ ಆದ ಮೇಲೆ ಹೊರಗೆ ಬರಬೇಡಿ. ಏರ್‌ಲೈನ್ ಕೌಂಟರಿಗೆ ಹೋಗಿ ಪಿಐಆರ್ (ಬ್ಯಾಗ್ ಬಂದಿಲ್ಲ ಅಥವಾ ಹಾಳಾಗಿದೆ ಅನ್ನುವ ವರದಿ) ಬರೆಸಿ, ಪ್ರತಿ ತಗೊಳ್ಳಿ. ಅದಿಲ್ಲದೆ ಇನ್ಶೂರೆನ್ಸ್‌ನವರು ಮಾತೇ ಆಡುವುದಿಲ್ಲ. ವಿದೇಶ ಪ್ರಯಾಣದಲ್ಲಿ ಬ್ಯಾಗ್ ಹಾಳಾಗಿದ್ದರೆ 7 ದಿನದೊಳಗೆ ಏರ್‌ಲೈನಿಗೆ ಬರೆದು ದೂರು ಕೊಡಬೇಕು. ತಡವಾಗಿ ಸಿಕ್ಕಿದರೆ, ಸಿಕ್ಕಿದ ಮೇಲೆ 21 ದಿನದೊಳಗೆ. ವಿದೇಶ ವಿಮಾನ ಪ್ರಯಾಣದ ಮಾಂಟ್ರಿಯಲ್ ಒಪ್ಪಂದದಲ್ಲಿ ಇರುವ ಲೆಕ್ಕ ಇದು.

ಬ್ಯಾಗ್ ತಡ ಆದರೆ ಇನ್ಶೂರೆನ್ಸ್ ಕೊಡುವುದು ಆ ಹೊತ್ತಿಗೆ ಬೇಕಾದ ಬಟ್ಟೆ, ಬ್ರಶ್ಶು ಇಂಥವಕ್ಕೆ, ಅದೂ ಬಿಲ್ ಇದ್ದರೆ. ಊರಿಗೆ ವಾಪಸ್ ಬರುವಾಗ ತಡವಾದರೆ ಬಹಳ ಪಾಲಿಸಿಗಳಲ್ಲಿ ಏನೂ ಇಲ್ಲ. ಮನೆಗೇ ಬಂದಿದ್ದೀರಲ್ಲ ಅನ್ನುವ ತರ್ಕ. ಅಮ್ಮನ ಚಿನ್ನ ಚೆಕ್-ಇನ್ ಬ್ಯಾಗ್‌ನಲ್ಲಿ ಬೇಡವೇ ಬೇಡ, ಅದಕ್ಕೆ ಕವರ್ ಇರುವುದಿಲ್ಲ. ಮಾತ್ರೆಗಳೂ ಕೈಚೀಲದಲ್ಲೇ ಇರಲಿ, ಡಾಕ್ಟರ್ ಚೀಟಿ ಸಮೇತ. ಕುಚ್ಚಲಕ್ಕಿ, ಹಪ್ಪಳ ಹೋದರೆ ಹೋಯಿತು ಅಂದುಕೊಳ್ಳಿ.

ಸುರತ್ಕಲ್‌ನಿಂದ:

ಪ್ರಶ್ನೆಗೆ ನೇರ ಸಂಬಂಧ ಇಲ್ಲ, ಆದರೂ. ವೀಸಾ ಕೆಲಸಕ್ಕೆ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ಐಆರ್‌ಸಿಟಿಸಿಯ 45 ಪೈಸೆ ಇನ್ಶೂರೆನ್ಸ್ ಟಿಕ್ ಮಾಡಿ, ಆಮೇಲೆ ಬರುವ ಲಿಂಕಿನಲ್ಲಿ ನಾಮಿನಿ ಹೆಸರು ತುಂಬಿ. ಅದು ಅಪಘಾತಕ್ಕೆ ಮಾತ್ರ. ಮಳೆಗಾಲದಲ್ಲಿ ಸುಬ್ರಹ್ಮಣ್ಯ ಘಾಟಿಯಲ್ಲಿ ಗುಡ್ಡ ಜರಿದು ರೈಲು ನಿಂತರೆ ಅದರಿಂದ ಏನೂ ಸಿಗುವುದಿಲ್ಲ. ರೈಲು ಮೂರು ಗಂಟೆಗಿಂತ ಜಾಸ್ತಿ ತಡವಾಗಿ, ನೀವು ಹತ್ತದೇ ಇದ್ದರೆ ಟಿಡಿಆರ್ ಅನ್ನುವ ಅರ್ಜಿ ಹಾಕಿ ಟಿಕೆಟ್ ದುಡ್ಡು ವಾಪಸ್ ಕೇಳಬಹುದು. ರೈಲು ಹೊರಡುವ ಮೊದಲೇ ಹಾಕಬೇಕು.

ಮಂಗಳಾದೇವಿಯಿಂದ:

ಕ್ಲೈಮ್ ತಿರಸ್ಕಾರ ಆದರೆ ಅಲ್ಲಿಗೇ ಕೈಬಿಡಬೇಡಿ. ಯಾವ ಕಲಮಿನ ಪ್ರಕಾರ ಇಲ್ಲ ಅಂದರು ಅಂತ ಬರಹದಲ್ಲಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ (ಇಂಥ ದೂರು ತೀರ್ಮಾನಿಸುವ ಅಧಿಕಾರಿ) ಹೋಗಿ. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ. ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಫೀಸಿಲ್ಲ, ವಕೀಲರೂ ಬೇಡ. ಕಂಪನಿ ಇಲ್ಲ ಅಂದ ಒಂದು ವರ್ಷದೊಳಗೆ ಹೋಗಬೇಕು. ಫೋನಿನಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ, ಎಲ್ಲ ಮೇಲ್‌ನಲ್ಲೇ ಇರಲಿ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಥ್ಯಾಂಕ್ಸ್. ಏಜೆಂಟ್ ಹತ್ರ ತುಂಬಿದ ಪ್ರಪೋಸಲ್ ಫಾರ್ಮ್ ಪ್ರತಿ ಕೇಳಿ ತರಿಸಿಕೊಂಡೆ. ಡಯಾಬಿಟಿಸ್ 'ಇಲ್ಲ', ಬಿಪಿ 'ಇಲ್ಲ' ಅಂತ ಅವರೇ ತುಂಬಿಟ್ಟಿದ್ದಾರೆ! ಕೇಳಿದರೆ "ಎಲ್ಲರದ್ದೂ ಹಾಗೇ ಹಾಕುವುದು" ಅಂದರು. ಇನ್ನೂ ದುಡ್ಡು ಕಟ್ಟಿಲ್ಲ. ಇವತ್ತು ರಾತ್ರಿ ನಾನೇ ಕಂಪನಿಯ ಸೈಟ್‌ನಲ್ಲಿ ಕೂತು ತುಂಬುತ್ತೇನೆ. ಅಮ್ಮನ ಮಾತ್ರೆ ಡಬ್ಬ ಪಕ್ಕದಲ್ಲಿಟ್ಟುಕೊಂಡು.