ಸಹಾಯ ಬೇಕು: ಬಿ.ಪಿ. ಇಳಿದಿದೆ, ಕಾರ್ವೆಡಿಲಾಲ್ ನಿಲ್ಲಿಸಬೇಕೇ?

ನಾವು ಕೋಲಾರ ಜಿಲ್ಲೆಯ ಮುಳಬಾಗಿಲಿನವರು. ಲಿವರ್ ಸಿರೋಸಿಸ್ (ಯಕೃತ್ತು ಗಾಯಗಟ್ಟಿ ಗಡುಸಾಗುವ ಕಾಯಿಲೆ) ಇರುವ ನಮ್ಮ ತಂದೆಯವರು ಕಳೆದ ತಿಂಗಳು ಅರ್ಧ ಬೇಸಿನ್‌ನಷ್ಟು ರಕ್ತ ವಾಂತಿ ಮಾಡಿಕೊಂಡಾಗ, ಬೆಂಗಳೂರಿಗೆ ಕರೆದೊಯ್ದು, ಅನ್ನನಾಳದ ಊದಿದ ರಕ್ತನಾಳಗಳಿಗೆ ಎಂಡೋಸ್ಕೋಪಿ ಮೂಲಕ, ಅವನ್ನು ಬಿಗಿದು ರಕ್ತ ನಿಲ್ಲಿಸುವ ನಾಲ್ಕು ರಬ್ಬರ್ ಬ್ಯಾಂಡ್ ಹಾಕಿಸಿದೆವು. ಮತ್ತೆ ರಕ್ತಸ್ರಾವವಾಗದಿರಲೆಂದು, ಬಿ.ಪಿ.ಯನ್ನೂ ಇಳಿಸುವ ಕಾರ್ವೆಡಿಲಾಲ್ ಮಾತ್ರೆಯನ್ನು 6.25 ಮಿ.ಗ್ರಾಂ. ದಿನಕ್ಕೆರಡು ಬಾರಿ ಬರೆದುಕೊಟ್ಟಿದ್ದಾರೆ. ಆದರೆ ಮೂರು ದಿನಗಳಿಂದ ಮೇಲಿನ ಬಿ.ಪಿ. 86–88ರಲ್ಲೇ ಇದ್ದು, ಎದ್ದು ನಿಂತರೆ ಕಣ್ಣು ಕತ್ತಲಿಟ್ಟಂತಾಗುತ್ತದೆ ಎನ್ನುತ್ತಾರೆ; ಒಳಗೆ ರಕ್ತಸ್ರಾವವಾಗುತ್ತಿರುವ ಲಕ್ಷಣವಾಗಿ ಮಲ ಕಪ್ಪಾಗಿಲ್ಲ, ರಕ್ತ ವಾಂತಿಯೂ ಇಲ್ಲ. 90ಕ್ಕಿಂತ ಕೆಳಗಿಳಿದರೆ ಈ ಮಾತ್ರೆ ಕೊಡಬಾರದೆಂದು ಊರಿನ ವೈದ್ಯರು ಹೇಳುತ್ತಾರೆ. ಬೆಂಗಳೂರಿನ ಚೀಟಿಯಲ್ಲಿ ‘ನಿಲ್ಲಿಸಬೇಡಿ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದೆ, ಬರೆದವರು ಸೋಮವಾರದವರೆಗೆ ಸಿಗುವುದಿಲ್ಲ. ಆ ಬೇಸಿನ್ ನೋಡಿದವರಿಗೆ ಮಾತ್ರೆ ಬಿಡಲೂ ಧೈರ್ಯ ಬಾರದು. ಬಲ್ಲ ವೈದ್ಯರು ದಯವಿಟ್ಟು ತಿಳಿಸಿ: ಅಲ್ಲಿಯವರೆಗೆ ಮಾತ್ರೆಯನ್ನು ಪೂರ್ತಿ ನಿಲ್ಲಿಸಬೇಕೇ, ಪ್ರಮಾಣ ಇಳಿಸಿದರೆ ಸಾಕೇ, ನಿಲ್ಲಿಸಿದರೆ ಮುಂದಿನ ವಾರಕ್ಕಿರುವ ಎರಡನೇ ಬ್ಯಾಂಡಿಂಗ್ ಅನ್ನು ಇನ್ನೂ ಬೇಗ ಮಾಡಿಸಬೇಕೇ?