ಬೆಂಗಳೂರಿಗೂ ಜೋಯಿಡಾಕ್ಕೂ ಒಂದೇ ಶಾಲಾ ಅನುದಾನ ಸರಿಯೇ?

ಪ್ರಶ್ನೆ (ಮುಖ್ಯ ಶಿಕ್ಷಕಿ, ಜೋಯಿಡಾ ತಾಲ್ಲೂಕು): ನಮಸ್ಕಾರ ಸರ್. ನಮ್ಮ ಶಾಲೆಯಲ್ಲಿ 28 ಮಕ್ಕಳಿದ್ದಾರೆ. ಸಮಗ್ರ ಶಿಕ್ಷಣ ಯೋಜನೆಯಡಿ ದುರಸ್ತಿ, ಸ್ವಚ್ಛತೆಯಂಥ ಶಾಲೆಯ ಖರ್ಚುಗಳಿಗೆ ವರ್ಷಕ್ಕೆ ಬರುವ ಶಾಲಾ ಸಂಯುಕ್ತ ಅನುದಾನ ₹10,000. ಬೆಂಗಳೂರಿನಲ್ಲಿ ಇಷ್ಟೇ ಮಕ್ಕಳಿರುವ ನನ್ನ ಗೆಳತಿಯ ಶಾಲೆಗೂ ಅಷ್ಟೇ. ನಗರದಲ್ಲಿ ಎಲ್ಲವೂ ದುಬಾರಿ, ಹಳ್ಳಿಯಲ್ಲಿ ಆ ಹಣ ಧಾರಾಳ ಎನ್ನುತ್ತಾಳೆ. ಹೌದೇ?

ಉತ್ತರ (ಶಾಲಾ ಲೆಕ್ಕಪರಿಶೋಧಕ): ಮೇಡಂ, ಮನೆ ನಡೆಸುವ ಖರ್ಚಿನ ಮಟ್ಟಿಗೆ ಅವರ ಮಾತು ಸರಿ. ಆ ವ್ಯತ್ಯಾಸ ಸಂಬಳದಲ್ಲಿ ಆಗಲೇ ಸೇರಿದೆ. ರಾಜ್ಯದ ಏಳನೇ ವೇತನ ಆಯೋಗದ ನಂತರ, ಮನೆ ಬಾಡಿಗೆ ಭತ್ಯೆ ಊರಿನ ದರ್ಜೆಗೆ ತಕ್ಕಂತೆ ಮೂಲವೇತನದ ಶೇ 20, 15 ಅಥವಾ 7.5. ಮೂಲವೇತನ ₹50,000 ಇದ್ದರೆ ಬೆಂಗಳೂರಿನಲ್ಲಿ ₹10,000, ನಿಮ್ಮಲ್ಲಿ ₹3,750.

ಅನುದಾನಕ್ಕೆ ಮಾತ್ರ ಊರಿನ ಪರಿವೆಯೇ ಇಲ್ಲ. ಅದು ನೋಡುವುದು ದಾಖಲಾತಿಯನ್ನು: 30 ಮಕ್ಕಳವರೆಗೆ ₹10,000, 100ರವರೆಗೆ ₹25,000, 250ರವರೆಗೆ ₹50,000, ಹೀಗೆ. ಮಳೆಗಾಲದಲ್ಲಿ ನಿಮ್ಮ ಶಾಲೆಯ ಹೆಂಚು ಒಡೆದರೆ ಹೆಂಚು ಎಷ್ಟೇ ಕಡಿಮೆ ಇರಲಿ, ಗಾಡಿ ಬಾಡಿಗೆ ಪೂರ್ತಿ ಕೊಡಬೇಕು. ಗಾರೆಯವನು ಬಂದು ಹೋಗುವುದರಲ್ಲೇ ಅರ್ಧ ದಿನ ಕಳೆಯುತ್ತದೆ, ಕೂಲಿ ಇಡೀ ದಿನದ್ದು. ಸಾಮಗ್ರಿಗಿಂತ ಸಾಗಣೆಯೇ ಹೆಚ್ಚಾದ ಬಿಲ್ಲುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಈ ಅನುದಾನದಲ್ಲೇ ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು ಬೇರೆ. ಶಾಲೆ ನಡೆಸುವ ವಿಷಯದಲ್ಲಿ ನಿಮ್ಮ ಊರು ಅಗ್ಗವಲ್ಲ.

ಪ್ರಶ್ನೆ (ಶಿಕ್ಷಕ, ಕಲಬುರಗಿ): ಹಾಗಾದರೆ ಜಿಲ್ಲೆಗೊಂದು ವೆಚ್ಚ ಸೂಚ್ಯಂಕ, ಅಂದರೆ ಅಲ್ಲಿ ಖರ್ಚು ಎಷ್ಟು ಹೆಚ್ಚು ಕಡಿಮೆ ಎಂದು ತೋರಿಸುವ ಅಂಕಿ, ಮಾಡಿ ಅನುದಾನವನ್ನು ಅದರಿಂದ ಗುಣಿಸಬಹುದಲ್ಲವೇ ಸರ್?

ಉತ್ತರ: ಮಾಡಬಹುದು, ಮಾಡಲೇಬೇಕು ಎಂಬುದು ನನ್ನ ನಿಲುವು. ಆದರೆ ಅಳತೆ ಕೆಟ್ಟರೆ ಅನ್ಯಾಯ ಹೆಚ್ಚುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯ 1990ರ ದಶಕದ ಆರಂಭದಲ್ಲಿ ಇಂಥ ಸೂಚ್ಯಂಕ ಮಾಡಿತು, ಆಮೇಲೆ ಅದನ್ನು ಪರಿಷ್ಕರಿಸಲೇ ಇಲ್ಲ. ಊರುಗಳು ಬದಲಾದರೂ ಹಣ ಹಳೆಯ ಲೆಕ್ಕದಂತೆಯೇ ಹೋಗುತ್ತಿತ್ತು. ಕೊನೆಗೆ 2019ರಲ್ಲಿ ಕೈಬಿಟ್ಟರು. ಫ್ಲಾರಿಡಾ ಪ್ರತಿವರ್ಷ ಹೊಸದಾಗಿ ಲೆಕ್ಕ ಹಾಕಿ, ಮೂರು ವರ್ಷಗಳ ಸರಾಸರಿ ಹಿಡಿಯುತ್ತದೆ. ನಮ್ಮಲ್ಲಿ ಮನೆ ಬಾಡಿಗೆಯನ್ನೇ ಆಧಾರ ಮಾಡಿಕೊಂಡರೆ ಹಣವೆಲ್ಲ ಬೆಂಗಳೂರಿನ ಕಡೆಗೆ ವಾಲುತ್ತದೆ. ಸಾಗಣೆಯ ದೂರ, ದುರಸ್ತಿಯ ಕೂಲಿ, ಮಳೆ ಇವುಗಳನ್ನು ಅಳೆಯಬೇಕು. ಜಿಲ್ಲೆಯೂ ತೀರಾ ದೊಡ್ಡದು. ಕಾರವಾರದ ಪೇಟೆಗೂ ಜೋಯಿಡಾದ ಕಾಡಂಚಿಗೂ ಒಂದೇ ಅಂಕಿ ಒಪ್ಪುವುದಿಲ್ಲ.

ಅದಕ್ಕೂ ಮೊದಲು ಅನುದಾನದ 30, 100, 250 ಮಕ್ಕಳ ಮೆಟ್ಟಿಲುಗಳನ್ನು ಸರಿಪಡಿಸಲಿ. 31 ಮಕ್ಕಳಿರುವ ಶಾಲೆಯಿಂದ ಒಂದು ಮಗು ಹೆತ್ತವರ ಜೊತೆ ಗುಳೆ ಹೋದರೆ ₹25,000 ಇದ್ದದ್ದು ₹10,000ಕ್ಕೆ ಇಳಿಯುತ್ತದೆ. ಛಾವಣಿ ಅದೇ, ಸೋರಿಕೆಯೂ ಅದೇ.

ಜೋಯಿಡಾದ ಮೇಡಂ, ಈ ಸಲದಿಂದ ಸಾಗಣೆಯ ಬಿಲ್ಲನ್ನು ಸಾಮಗ್ರಿಯ ಬಿಲ್ಲಿನೊಳಗೆ ಸೇರಿಸದೆ ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಆ ಮೊತ್ತವನ್ನು ದಾಖಲಿಸಿ, ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.